ಸಣ್ಣ ಪದಗಳ ಪರೀಕ್ಷೆ: ಮೂರು ಕನ್ನಡ ನಿಘಂಟುಗಳ ವಿಮರ್ಶೆ

ನಿಘಂಟು ಕೊಳ್ಳುವವರು ಮೊದಲು ಯಾವುದಾದರೂ ಕಷ್ಟದ ಪದ ಹುಡುಕಿ ನೋಡುತ್ತಾರೆ. ಅದು ಸಿಕ್ಕಿದರೆ ಪುಸ್ತಕ ಚೆನ್ನಾಗಿದೆ ಅಂತ ತೀರ್ಮಾನ. ನಾನು ಹಾಗೆ ಮಾಡುವುದಿಲ್ಲ. ಕಷ್ಟದ ಪದಕ್ಕೆ ಹೆಚ್ಚಾಗಿ ಒಂದೋ ಎರಡೋ ಅರ್ಥ ಇರುತ್ತದೆ, ಯಾವ ನಿಘಂಟಾದರೂ ಕೊಟ್ಟಿರುತ್ತದೆ. ಬಣ್ಣ ಬಯಲಾಗುವುದು ದಿನಾ ಬಾಯಲ್ಲಿ ಓಡಾಡುವ ಸಣ್ಣ ಕ್ರಿಯಾಪದಗಳಲ್ಲಿ. ಅದರಲ್ಲೂ ತಲೆಯೊಳಗೆ ನಡೆಯುವ ಕೆಲಸದ ಪದಗಳಲ್ಲಿ. ಯೋಚಿಸು, ಅಂದುಕೊ, ಅನ್ನಿಸು, ನೆನೆ, ಎಣಿಸು, ತಿಳಿ.

ನನ್ನ ಹೊಟ್ಟೆಪಾಡು ಸಬ್‌ಟೈಟಲ್ ಬರೆಯುವುದು. ಇಂಗ್ಲಿಷ್ ಧಾರಾವಾಹಿಗಳ ಮಾತನ್ನು ಪರದೆಯ ಕೆಳಗಿನ ಎರಡು ಸಾಲಿನಲ್ಲಿ ಕನ್ನಡಕ್ಕೆ ಕೂರಿಸಬೇಕು. ಅಲ್ಲಿನ ಪಾತ್ರಗಳು ಬಾಯಿ ತೆರೆದರೆ ‘ಐ ಥಿಂಕ್’. ಡಾಕ್ಟರ್ ಹೇಳುತ್ತಾನೆ, ಪೊಲೀಸ್ ಹೇಳುತ್ತಾನೆ, ಮುನಿಸಿಕೊಂಡ ಹೆಂಡತಿಯೂ ಹೇಳುತ್ತಾಳೆ. ಮೂವರಿಗೂ ಬೇರೆ ಬೇರೆ ಕನ್ನಡ ಬೇಕು. ಹಾಗಾಗಿ ಹನುಮಂತನಗರದ ಈ ಮನೆಯಲ್ಲಿ ನಿಘಂಟುಗಳು ಅಡುಗೆಮನೆಯವರೆಗೂ ಓಡಾಡುತ್ತವೆ. ನಾನು ಜಾಸ್ತಿ ಬಳಸುವ ಮೂರರ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ‘ಅಲರ್’. ಇದು ಪುಸ್ತಕ ಅಲ್ಲ, ಅಂತರ್ಜಾಲದಲ್ಲಿರುವ ಕನ್ನಡ–ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ್ದು. ಕೈಲಾಶ್ ನಾಧ್ ಅದನ್ನು 2019ರಲ್ಲಿ ಎಲ್ಲರಿಗೂ ಸಿಗುವ ಹಾಗೆ ತಂದರು. ಸುಮಾರು 1,50,000 ಪದಗಳಿವೆ. ಒಂದು ಪೈಸೆ ಕೊಡಬೇಕಾಗಿಲ್ಲ. ಮುಕ್ತ ಪರವಾನಗಿ ಇರುವುದರಿಂದ ಆ ಪದಕೋಶವನ್ನು ಬೇರೆಯವರೂ ತಮ್ಮ ಕೆಲಸಕ್ಕೆ ಬಳಸಿಕೊಳ್ಳಬಹುದು. ಒಬ್ಬರ ಜೀವಮಾನದ ದುಡಿಮೆ ಹೀಗೆ ಬಿಟ್ಟಿಯಾಗಿ ಸಿಗುತ್ತಿದೆ ಅಂದರೆ ನನಗೆ ಈಗಲೂ ಸ್ವಲ್ಪ ಸಂಕೋಚ.

ಇದರ ದೊಡ್ಡ ಗುಣ ಹುಡುಕಾಟ. ಕಾಗುಣಿತ ಸ್ವಲ್ಪ ಆಚೀಚೆ ಆದರೂ ಉಚ್ಚಾರಣೆ ಹಿಡಿದು ಹತ್ತಿರದ ಪದಗಳನ್ನು ತಂದು ತೋರಿಸುತ್ತದೆ. ‘ನೆನೆ’ ಅಂತ ಹುಡುಕಲು ಹೋದವರಿಗೆ ಅದರ ನೆಂಟರೂ ಕಣ್ಣಿಗೆ ಬೀಳುತ್ತಾರೆ. ಇದು ಚಿಕ್ಕ ವಿಷಯ ಅಲ್ಲ. ನೆನೆ ಅಂದರೆ ಮಳೆಯಲ್ಲಿ ಒದ್ದೆಯಾಗುವುದು, ನೆನೆ ಅಂದರೆ ಮನಸ್ಸಿಗೆ ತಂದುಕೊಳ್ಳುವುದು. ಅಕ್ಕಿ ನೆನೆಸುತ್ತೇವೆ, ಹಳೆಯದನ್ನು ನೆನೆಸಿಕೊಳ್ಳುತ್ತೇವೆ. ಎರಡೂ ಬೇರೆ ಬೇರೆ ಪದಗಳು, ಇಂದಿನ ರೂಪ ಮಾತ್ರ ಒಂದೇ. ಕೆಲಸದಲ್ಲಿ ನನಗೆ ಕೊಟ್ಟಿದ್ದ ಒಂದು ಯಂತ್ರಾನುವಾದದ ತಂತ್ರಾಂಶಕ್ಕೆ ಇದು ಗೊತ್ತಿರಲಿಲ್ಲ. ತೀರಿಹೋದ ಅಜ್ಜಿಯನ್ನು ಮನೆಮಂದಿಯೆಲ್ಲಾ ಸೇರಿ ನೀರಿನಲ್ಲಿ ನೆನೆಹಾಕಿದ್ದರು ಅನ್ನುವ ಅರ್ಥ ಬರುವ ಇಂಗ್ಲಿಷ್ ಸಾಲನ್ನು ಅದು ಗಂಭೀರವಾಗಿ ಒಪ್ಪಿಸಿತು. ಅದರ ಹೆಸರು ಬೇಡ ಬಿಡಿ.

ಅಲರ್‌ನಲ್ಲಿ ಸಿಗದೇ ಇರುವುದು ಬಳಕೆ. ಅರ್ಥಗಳು ಇಂಗ್ಲಿಷಿನಲ್ಲಿ ಒಂದರ ಕೆಳಗೆ ಒಂದು ನಿಲ್ಲುತ್ತವೆ. ಯಾವ ಅರ್ಥ ಎಲ್ಲಿ ಅನ್ನುವುದು ಓದುವವರಿಗೆ ಬಿಟ್ಟಿದ್ದು. ಕನ್ನಡ ಬರುವವರಿಗೆ ಇದು ತೊಂದರೆಯೇ ಅಲ್ಲ. ಬರದವರಿಗೆ?

ನಮ್ಮ ಮೇಲಿನ ಮನೆಗೆ ಭುವನೇಶ್ವರದ ಹುಡುಗನೊಬ್ಬ ಬಾಡಿಗೆಗೆ ಬಂದಿದ್ದಾನೆ. ಕನ್ನಡ ಕಲಿಯಬೇಕು ಅಂತ ನಿಜವಾದ ಹಟ ಇದೆ. ಒಂದು ದಿನ ಮೆಟ್ಟಿಲ ಹತ್ತಿರ ನಿಂತು, “ಆಂಟಿ, ಇವತ್ತು ಮಳೆ ಬರುತ್ತೆ ಅಂತ ನಾನು ಅನ್ನಿಸುತ್ತೇನೆ” ಅಂದ.

“ನಾನು ಅನ್ನಿಸುತ್ತೇನೆ ಅಲ್ಲಪ್ಪ, ನನಗೆ ಅನ್ನಿಸುತ್ತೆ.”

“ಯಾಕೆ ಆಂಟಿ? ಯೋಚನೆ ಮಾಡೋದು ನಾನೇ ಅಲ್ವಾ?”

“ಇದು ನೀನು ಮಾಡೋ ಕೆಲಸ ಅಲ್ಲ. ಹಸಿವಾದ ಹಾಗೆ ತಾನಾಗಿ ಬರುತ್ತೆ. ನಾನು ಹಸಿಯುತ್ತೇನೆ ಅಂತ ಹೇಳ್ತೀಯಾ?”

ಅವನಿಗೆ ತಕ್ಷಣ ಹೊಳೆಯಿತು. ‘ಅನ್ನಿಸು’ ಪದದ ಎಲ್ಲಾ ಇಂಗ್ಲಿಷ್ ಅರ್ಥಗಳನ್ನು ಓದಿಕೊಂಡರೂ ಈ ‘ನನಗೆ’ ಸಿಗುವುದಿಲ್ಲ. ಆಮೇಲೆ ‘ಅಂದುಕೊಂಡೆ’ಯ ಕಥೆ ಬಂತು. “ನೀವು ಊರಿಗೆ ಹೋಗಿದ್ದೀರಿ ಅಂದ್ಕೊಂಡೆ” ಅಂತ ಎದುರಿಗೆ ಸಿಕ್ಕವರಿಗೆ ಹೇಳಿದರೆ, ನೀವು ಹೋಗಿಲ್ಲ ಅನ್ನುವುದು ಅದರಲ್ಲೇ ಇದೆ. ಅಂದುಕೊಂಡದ್ದು ಬಹಳ ಸಲ ಸುಳ್ಳಾಗಿರುತ್ತದೆ, ಅದಕ್ಕೇ ಅದರ ಬಗ್ಗೆ ಮಾತಾಡುತ್ತೇವೆ. “ಅಂದ್ಕೊಂಡ ಹಾಗೇ ಆಯ್ತು” ಅನ್ನುವಾಗ ದನಿಯಲ್ಲಿ ಒಂದು ಆಶ್ಚರ್ಯ ಇರುತ್ತದಲ್ಲ, ಅದು ಸುಮ್ನೆ ಬಂದದ್ದಲ್ಲ.

ಎರಡನೆಯದು ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು. ಎಂಟು ಸಂಪುಟ, 9000ಕ್ಕೂ ಹೆಚ್ಚು ಪುಟ. ಮೊದಲ ಸಂಪುಟ ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರ ಹೆಸರು ಇದರ ಜೊತೆ ಸೇರಿಹೋಗಿದೆ. 2021ರಲ್ಲಿ, 107ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ನಮ್ಮ ಬೀದಿಯ ಹಿರಿಯರೊಬ್ಬರು ಮನೆಯವರನ್ನೇ ಕಳೆದುಕೊಂಡ ಹಾಗೆ ಕೂತಿದ್ದರು.

ಇದು ಕನ್ನಡಕ್ಕೆ ಕನ್ನಡದಲ್ಲೇ ಅರ್ಥ ಹೇಳುವ ನಿಘಂಟು. ಬರೀ ಅರ್ಥ ಕೊಟ್ಟು ಸುಮ್ಮನಾಗುವುದಿಲ್ಲ. ಶಾಸನಗಳಿಂದ, ಹಳೆಯ ಕಾವ್ಯಗಳಿಂದ, ಹೊಸ ಬರಹಗಳಿಂದ ಸಾಲುಗಳನ್ನು ತೆಗೆದು ಪಕ್ಕದಲ್ಲಿ ಇಡುತ್ತದೆ. ‘ಬಗೆ’ ಪದಕ್ಕೆ ಇದೇ ಸರಿಯಾದ ಮನೆ. ಇವತ್ತು ನಾವು ಬಗೆ ಅಂದರೆ ವಿಧ ಅಂತಷ್ಟೇ ತಿಳಿಯುತ್ತೇವೆ. ಬಗೆಬಗೆಯ ತಿಂಡಿ, ಆ ಬಗೆಯ ಜನ. ಹಳೆಗನ್ನಡದಲ್ಲಿ ಬಗೆ ಅಂದರೆ ಯೋಚಿಸು, ಬಗೆ ಅಂದರೆ ಮನಸ್ಸು. ಆ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಕೇಡು ಬಗೆಯುತ್ತೇವೆ, ದ್ರೋಹ ಬಗೆಯುತ್ತೇವೆ. ಒಳ್ಳೆಯದನ್ನು ಬಗೆಯುವವರು ಮಾತ್ರ ಇತ್ತೀಚೆಗೆ ಕಡಿಮೆ. ನಾಯಿ ಮಣ್ಣು ಬಗೆಯುವುದು ಬೇರೆ ಲೆಕ್ಕ.

‘ತಿಳಿ’ಯೂ ಹೀಗೇ. ನೀರು ತಿಳಿಯಾಗುತ್ತದೆ, ವಿಷಯ ತಿಳಿಯುತ್ತದೆ, ಬೇಳೆ ಇಲ್ಲದೆ ಮೇಲೆ ನಿಂತದ್ದು ತಿಳಿಸಾರು. “ತಪ್ಪು ತಿಳ್ಕೋಬೇಡಿ” ಅನ್ನುವಾಗ ಮಾತ್ರ ತಿಳಿಯುವುದು ಅಂದರೆ ಅರಿಯುವುದಲ್ಲ, ಭಾವಿಸುವುದು. ಇಂಥವನ್ನು ನಿಧಾನವಾಗಿ ಓದಲು ಪರಿಷತ್ತಿನ ಸಂಪುಟಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಕಷ್ಟ ಏನು ಅಂದರೆ, ಅವಸರದ ಕೆಲಸಕ್ಕೆ ಇದು ಒಗ್ಗುವುದಿಲ್ಲ. ಬೇಕಾದ ಸಂಪುಟ ಯಾವಾಗಲೂ ಕೆಳಗಿನ ಸಾಲಿನಲ್ಲೇ ಇರುತ್ತದೆ. ತೂಕವೂ ಇದೆ. ಅದಕ್ಕಿಂತ ಮುಖ್ಯವಾದದ್ದು, ಇದರ ಬೇರು ಬರಹದಲ್ಲಿದೆ. ಬರಹದಲ್ಲಿ ಸಿಕ್ಕಿದ್ದಕ್ಕೆ ಇಲ್ಲಿ ಗೌರವ ಜಾಸ್ತಿ. ಬೆಂಗಳೂರಿನ ಬೀದಿಯಲ್ಲಿ ‘ಯೋಚನೆ’ ಏನೇನು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಕಾವ್ಯದ ಸಾಲು ಎಲ್ಲಿಂದ ತರುತ್ತೀರಿ? ಗಾಂಧಿ ಬಜಾರಿನ ಸೀರೆ ಅಂಗಡಿಯವರು “ಯೋಚನೆ ಮಾಡ್ಬೇಡಿ ಮೇಡಂ, ತಗೊಳ್ಳಿ” ಅನ್ನುತ್ತಾರೆ. ಹಿಂದೆಮುಂದೆ ನೋಡಬೇಡಿ ಅಂತ. ಆಸ್ಪತ್ರೆಯಲ್ಲಿ ನರ್ಸಮ್ಮ “ಯೋಚನೆ ಮಾಡ್ಬೇಡಿ” ಅಂದರೆ ಗಾಬರಿ ಬೇಡ ಅಂತ. ಮನೆ ನೋಡಿಕೊಂಡು ಹೋದವರು “ಯೋಚನೆ ಮಾಡಿ ಹೇಳ್ತೀವಿ” ಅಂದರೆ ಬ್ರೋಕರ್ ಮುಂದಿನ ಗಿರಾಕಿಗೆ ಫೋನ್ ಹಚ್ಚಬಹುದು. “ಮಗನ ಮದುವೆ ಯೋಚನೆ ಏನಾದ್ರೂ ಇದೆಯಾ?” ಅಂದರೆ ಜಾತಕ ಆಗಲೇ ಅವರ ಬ್ಯಾಗಿನಲ್ಲಿದೆ. ಇದನ್ನೆಲ್ಲಾ ಹಿಡಿದಿಡುವ ನಿಘಂಟು ನನ್ನ ಹತ್ತಿರ ಇಲ್ಲ. ಪ್ರಜಾವಾಣಿಯಲ್ಲಿ 1991ರಿಂದ ಬಂದ ‘ಇಗೋ ಕನ್ನಡ’ ಅಂಕಣದಲ್ಲಿ ವೆಂಕಟಸುಬ್ಬಯ್ಯನವರು ಓದುಗರ ಅನುಮಾನಗಳಿಗೆ ಒಂದೊಂದಾಗಿ ಉತ್ತರಿಸುತ್ತಿದ್ದರು. ಅದು ಪುಸ್ತಕವಾಗಿಯೂ ಬಂದಿದೆ. ನಿಘಂಟಿಗಿಂತ ಮೊದಲು ಅದನ್ನು ಕೊಳ್ಳಿ ಅಂತ ಕೆಲವರಿಗೆ ನಾನು ಹೇಳುವುದುಂಟು.

ಮೂರನೆಯದು ಕಿಟೆಲ್. ಇದರ ಬಗ್ಗೆ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಯೋಚಿಸುವುದಕ್ಕೆ, ಅಂದುಕೊಳ್ಳುವುದಕ್ಕೆ ಎಲ್ಲಾ ‘ಎಣಿಸುವುದು’. ಬೆಂಗಳೂರಿಗೆ ಬಂದ ಹೊಸತರಲ್ಲಿ “ನೀವು ಬರುವುದಿಲ್ಲ ಅಂತ ಎಣಿಸಿದೆ” ಅಂದರೆ, “ಏನು ಎಣಿಸಿದ್ರಿ, ದುಡ್ಡಾ?” ಅಂತ ಆಫೀಸಿನಲ್ಲಿ ನಗುತ್ತಿದ್ದರು. ಇಲ್ಲಿ ಎಣಿಸುವುದು ಅಂದರೆ ಲೆಕ್ಕ ಮಾತ್ರ.

ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು. ಅದರಲ್ಲಿ ‘ಎಣಿಸು’ ತೆಗೆಯಿರಿ. ಲೆಕ್ಕ ಹಾಕುವುದೂ ಇದೆ, ಯೋಚಿಸುವುದೂ ಇದೆ. ಯಾವುದೂ ಇನ್ನೊಂದಕ್ಕಿಂತ ಕೀಳಲ್ಲ. ಕನ್ನಡ ಪದಕ್ಕೆ ತಮಿಳು, ಮಲಯಾಳ, ತೆಲುಗು, ತುಳುವಿನ ನೆಂಟರನ್ನೂ ಕಿಟೆಲ್ ಪಕ್ಕದಲ್ಲಿ ಕೊಡುತ್ತಾರೆ. ತಮಿಳಿನ ‘ಎಣ್ಣು’ ಕೂಡ ಎರಡೂ ಕೆಲಸ ಮಾಡುತ್ತದೆ, ಎಣಿಸುತ್ತದೆ, ಯೋಚಿಸುತ್ತದೆ. ಅಂದರೆ ನಗಬೇಕಾದವರು ಯಾರು? ಎರಡರಲ್ಲಿ ಒಂದನ್ನು ಕೈಬಿಟ್ಟವರು ನಾವಲ್ಲ.

ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ. ಅದರ ಮುಂದೆ ದಿನಾ ಹಾದುಹೋಗುವ ಎಷ್ಟೋ ಜನ ಈ ಪುಸ್ತಕ ಮುಟ್ಟಿಲ್ಲ. ಅವರದ್ದೂ ತಪ್ಪಲ್ಲ. ಅಕ್ಷರ ಸಣ್ಣದು, ಸಂಕ್ಷೇಪಗಳು ಹೆಜ್ಜೆಹೆಜ್ಜೆಗೆ, ಅರ್ಥವೆಲ್ಲಾ ಆ ಕಾಲದ ಇಂಗ್ಲಿಷಿನಲ್ಲಿ. ಮುನ್ನುಡಿಯ ಜೊತೆಗಿರುವ ಸಂಕ್ಷೇಪಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಪುಸ್ತಕದೊಳಗೆ ಇಟ್ಟುಕೊಳ್ಳಿ, ಅರ್ಧ ತಲೆನೋವು ಕಡಿಮೆಯಾಗುತ್ತದೆ. ಇನ್ನು, 1894ರ ನಂತರ ಕನ್ನಡಕ್ಕೆ ಬಂದ ಯಾವುದನ್ನೂ ಇದರಲ್ಲಿ ಹುಡುಕಬೇಡಿ.

ಮೂರೂ ಕೈಕೊಡುವ ಜಾಗ ಒಂದಿದೆ. ಡಾಕ್ಟರ್ ಪಾತ್ರ “ಐ ಥಿಂಕ್ ಇಟ್ಸ್ ಆ್ಯನ್ ಇನ್ಫೆಕ್ಷನ್” ಅನ್ನುತ್ತಾನೆ. “ಇನ್ಫೆಕ್ಷನ್ ಅಂತ ನನಗನ್ನಿಸುತ್ತೆ” ಅಂತ ಬರೆದರೆ ರೋಗಿ ಎದ್ದು ಬೇರೆ ಡಾಕ್ಟರ್ ಹತ್ತಿರ ಹೋಗುತ್ತಾನೆ. “ಯೋಚಿಸುತ್ತೇನೆ” ಅಂದರೆ ಅದು ಕನ್ನಡವೇ ಅಲ್ಲ. ನಮ್ಮ ಡಾಕ್ಟರು ಏನು ಹೇಳುತ್ತಾರೆ? “ಇನ್ಫೆಕ್ಷನ್ ಇರಬೇಕು.” ಅಷ್ಟೇ. ಯೋಚಿಸುವ ಕ್ರಿಯಾಪದವೇ ಇಲ್ಲ, ‘ಬೇಕು’ ಆ ಕೆಲಸ ಮುಗಿಸಿತು. ಪೊಲೀಸಿಗೆ “ಅವನೇ ಇರ್ಬೇಕು ಸಾರ್”. ಮುನಿಸಿಕೊಂಡ ಹೆಂಡತಿಗೆ “ಸಾಕು ಅನ್ಸುತ್ತೆ”. ಇದನ್ನು ನಿಘಂಟಿನಲ್ಲಿ ಯಾವ ಅಕ್ಷರದ ಕೆಳಗೆ ಹುಡುಕುವುದು? ಹೋಟೆಲಿನಲ್ಲಿ ಪಕ್ಕದ ಮೇಜಿನ ಮಾತು ಕೇಳಿಸಿಕೊಳ್ಳುವುದೇ ಗತಿ. ನನ್ನ ಮಟ್ಟಿಗೆ ಅದೂ ಕೆಲಸದ ಸಮಯ.

ಯಾರಿಗೆ ಯಾವುದು ಅಂತ ಕೇಳುವವರಿಗೆ: ಕನ್ನಡ ಕಲಿಯುವವರು, ಅವಸರದಲ್ಲಿ ಬರೆಯುವವರು ಅಲರ್ ತೆರೆದಿಟ್ಟುಕೊಳ್ಳಿ, ಖರ್ಚಿಲ್ಲ. ಕನ್ನಡ ಮೇಷ್ಟ್ರಿಗೆ, ಹಳೆಗನ್ನಡ ಓದುವವರಿಗೆ ಪರಿಷತ್ತಿನದು. ಕರಾವಳಿಯವರು, ಪದದ ಮೂಲ ಕೆದಕುವ ಚಟ ಇರುವವರು ಕಿಟೆಲ್ ಕೊಳ್ಳಬಹುದು. ಅದರ ಹಳೆಯ ಮುದ್ರಣದ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮರುಮುದ್ರಣ ಕೊಳ್ಳುವುದಾದರೆ ಅಂಗಡಿಯಲ್ಲೇ ನಡುವಿನ ಪುಟಗಳನ್ನು ಬಿಡಿಸಿ ನೋಡಿ, ಒತ್ತಕ್ಷರ ಸರಿಯಾಗಿ ಮೂಡಿದೆಯಾ ಅಂತ. ಪರಿಷತ್ತಿನ ಸಂಪುಟಗಳಿಗೆ ಚಾಮರಾಜಪೇಟೆಗೆ ಹೋಗುವ ಮೊದಲು ಒಂದು ಫೋನ್ ಮಾಡಿ, ಎಂಟೂ ಇದೆಯಾ ಅಂತ ಕೇಳಿಕೊಳ್ಳಿ. “ನೋಡೋಣ ಬನ್ನಿ” ಅಂದರೆ ಇನ್ನೊಂದು ಸಲ ಕೇಳಿ. ಆಟೋದಲ್ಲೇ ಹೋಗಿ, ಎಂಟು ಸಂಪುಟ ಹೊತ್ತುಕೊಂಡು ಬಸ್ಸು ಹತ್ತುವ ಸಾಹಸ ಬೇಡ.