ತುಡುವೆಯೋ ಮಿಸ್ರಿಯೋ: ಎರಡನ್ನೂ ಸಾಕಿ ನೋಡಿದ ಮೇಲೆ

ಶಿರಸಿ ಸೀಮೆಯ ನಮ್ಮ ತೋಟದ ಮನೆಗೆ ಎರಡು ವರ್ಷದ ಹಿಂದೆ 4,500 ರೂಪಾಯಿ ಕೊಟ್ಟು ಒಂದು ತುಡುವೆ ಜೇನಿನ ಪೆಟ್ಟಿಗೆಯನ್ನೂ, ಅದೇ ತಿಂಗಳು ಪರಿಚಿತರೊಬ್ಬರಿಂದ ಬಿದಿರಿನ ಅಂಡೆಯಲ್ಲಿದ್ದ ಮಿಸ್ರಿ, ಅಂದರೆ ಕುಟುಕದ ಪುಟ್ಟ ಜೇನಿನ, ಕುಟುಂಬವನ್ನೂ ತಂದೆ. ಈಗ ಪೆಟ್ಟಿಗೆ ಖಾಲಿಯಾಗಿ ಅಟ್ಟ ಸೇರಿದೆ. ಅಂಡೆ ಮಾತ್ರ ಜಗಲಿಯ ಸೂರಿನಲ್ಲಿ ತೂಗುತ್ತಲೇ ಇದೆ.

ತುಡುವೆಯ ವಿಷಯದಲ್ಲಿ ನಾನು ಸೋತದ್ದು ಮೇಣದ ಹುಳುವಿಗೆ. ಮಳೆಗಾಲದಲ್ಲಿ ಹೂವಿಲ್ಲದೆ ಜೇನುನೊಣಗಳು ಕಡಿಮೆಯಾದಾಗ, ಅವು ಆವರಿಸಲಾರದೆ ಬಿಟ್ಟ ಎರಿಗಳಿಗೆ, ಅಂದರೆ ಗೂಡಿನ ಮೇಣದ ಹಾಳೆಗಳಿಗೆ, ಈ ಹುಳುವಿನ ಪತಂಗ ಹೊಕ್ಕು ಮೊಟ್ಟೆಯಿಡುತ್ತದೆ. ತಳಹಲಗೆಯ ಮೇಲೆ ಉದುರಿದ ಕಸವೂ ಅದರ ಮರಿಗಳಿಗೆ ಆಹಾರವೇ. ಆದ್ದರಿಂದ ವಾರಕ್ಕೊಮ್ಮೆ ಹಲಗೆ ಕೆರೆದು, ಖಾಲಿ ಎರಿಗಳನ್ನು ತೆಗೆದು, ಸಕ್ಕರೆ ಪಾಕ ಇಡಬೇಕು.

ನಾನೋ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದು, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವವನು. ಆ ಆಗಸ್ಟಿನಲ್ಲಿ ಒಂದು ಸಲ ಬರುವುದು ತಪ್ಪಿತು. ಮುಂದಿನ ಸಲ ಮುಚ್ಚಳ ತೆಗೆದರೆ ಎರಿಯ ತುಂಬ ಬಿಳಿಯ ಬಲೆ, ಅದರೊಳಗೆ ಸುರಂಗ ಕೊರೆದ ಹುಳುಗಳು, ಕರಿ ರವೆಯಂತಹ ಹಿಕ್ಕೆ. ನೊಣ ಒಂದೂ ಇರಲಿಲ್ಲ, ಎಲ್ಲವೂ ಗೂಡು ಬಿಟ್ಟು ಹೋಗಿದ್ದವು. ಹೇಳಿದ್ದರೆ ಪಾಕವನ್ನಾದರೂ ಇಡುತ್ತಿದ್ದೆ ಎಂದು ಅಮ್ಮ ಅಂದಳು. ನಾನು ಹೇಳಿರಲಿಲ್ಲ.

ಮಿಸ್ರಿ ಹೀಗೆ ಸಂಸಾರ ಸಮೇತ ಮನೆ ಬಿಡುವುದಿಲ್ಲ. ಮೊಟ್ಟೆಯಿಡುವ ರಾಣಿಯ ಹೊಟ್ಟೆ ಉಬ್ಬಿ ಅದು ಹಾರಲಾರದು. ತುಡುವೆ ಕುಟುಂಬ ಒಡೆದು ಎರಡು ಪಾಲಾಗುವಾಗ ಹೊಸ ಗೂಡಿಗೆ ಹಳೆಯ ರಾಣಿ ಹೊರಟರೆ, ಮಿಸ್ರಿಯಲ್ಲಿ ಹೊರಡುವುದು ಮಗಳು ರಾಣಿ. ಅಂಟಿನಿಂದ ಕಟ್ಟಿದ ಸಣ್ಣ ಕೊಳವೆಯ ಬಾಯಲ್ಲಿ ನಾಲ್ಕಾರು ಕಾವಲುಗಾರರು ಕುಳಿತಿರುತ್ತವೆ, ನಾನು ನೋಡಿದರೂ ನೋಡದಿದ್ದರೂ. ಅವು ಕುಟುಕುವುದಿಲ್ಲ, ಅಂಡೆ ಬಿಚ್ಚಿದರೆ ತಲೆಗೂದಲಿಗೆ ನುಗ್ಗಿ ಕಚ್ಚುತ್ತವೆ, ಅದಕ್ಕೊಂದು ಟವೆಲ್ ಸಾಕು.

ಜೇನುತುಪ್ಪದಲ್ಲಿ ಮಾತ್ರ ತುಡುವೆಗೆ ಎದುರಿಲ್ಲ. ಓಡಿಹೋಗುವ ಮೊದಲಿನ ಒಂದೇ ಬೇಸಿಗೆಯಲ್ಲಿ ನಾಲ್ಕು ಕಿಲೋ ಕೊಟ್ಟಿತ್ತು. ಮಿಸ್ರಿಯಿಂದ ವರ್ಷಕ್ಕೆ ಒಂದು ಲೋಟ ಸಿಕ್ಕರೆ ಹೆಚ್ಚು. ಅದನ್ನು ತೆಗೆಯಲು ಯಂತ್ರವಿಲ್ಲ: ಉದ್ದಕ್ಕೆ ಸೀಳಿ ಕಟ್ಟಿದ ಅಂಡೆಯನ್ನು ಬಿಚ್ಚಿ, ದ್ರಾಕ್ಷಿಯಂತಹ ಮೇಣದ ಗುಳ್ಳೆಗಳನ್ನು ಚಮಚದಲ್ಲಿ ಬಿಡಿಸಬೇಕು, ಪಕ್ಕದ ಪರಾಗದ ಗುಳ್ಳೆ ಒಡೆಯದಂತೆ. ನೀರಿನಂಶ ಹೆಚ್ಚಿರುವುದರಿಂದ ಫ್ರಿಜ್ಜಿನಲ್ಲಿಡದಿದ್ದರೆ ಹುಳಿಯುತ್ತದೆ.

ಮನೆಯಲ್ಲಿಯೇ ಇದ್ದು ಪೆಟ್ಟಿಗೆಯನ್ನು ವಾರವಾರ ನೋಡುವವರು, ತುಪ್ಪ ಮಾರುವವರು ತುಡುವೆಯನ್ನೇ ಸಾಕಲಿ. ನನಗೆ ಮಿಸ್ರಿಯೇ ಸರಿ. ಈ ಬೇಸಿಗೆಯಲ್ಲಿ ಕುಟುಂಬವನ್ನು ಹಿಸ್ಸೆ ಮಾಡಬೇಕೆಂದಿದ್ದೇನೆ; ಹೊಸ ಗೂಡಿಗೆ ಅಟ್ಟದ ಮೇಲಿನ ಆ 4,500 ರೂಪಾಯಿಯ ಪೆಟ್ಟಿಗೆಯ ಹಲಗೆಗಳನ್ನೇ ಕೊಯ್ಯಿಸುತ್ತಿದ್ದೇನೆ.