ಮಲ್ಪೆಯ ಐಸ್ ಪ್ಲಾಂಟ್ ಮತ್ತು ಲಾಗ್‌ಬ್ಯಾಕ್‌ನ ಅನುವಾದಕ

ಮಲ್ಪೆಯ ಒಂದು ಐಸ್ ಪ್ಲಾಂಟಿನ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಾನು. ಹಳೆಯ ಜಾವಾ ಕೋಡ್. ಪ್ರೋಗ್ರಾಂ ಮಾಡಿದ್ದನ್ನು ಸಾಲು ಸಾಲಾಗಿ ದಾಖಲಿಸುವ ಲಾಗ್ ಇನ್ನೂ ಲಾಗ್‌ಫೋರ್‌ಜೆ 1.2 ಎಂಬ ಲೈಬ್ರರಿಯಲ್ಲೇ ಇತ್ತು. ಅದಕ್ಕೆ 2015ರ ಆಗಸ್ಟ್‌ನಲ್ಲೇ ಬೆಂಬಲ ನಿಂತಿದೆ. ಆದರೆ ಸೀಸನ್‌ನಲ್ಲಿ ಕೈ ಹಾಕಲು ಧೈರ್ಯ ಬರಲಿಲ್ಲ. ಬೋಟಿಗೆ ಐಸ್ ತುಂಬುವಾಗ ಬಿಲ್ ನಿಂತರೆ ಬಂದರಿನ ಧಕ್ಕೆಯಲ್ಲಿ ಎಲ್ಲರ ಕೆಲಸವೂ ನಿಂತ ಹಾಗೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆ ಅಲ್ವಾ, ಅದಕ್ಕೇ ಕಾದೆ.

ಹೋಗಿದ್ದು ಲಾಗ್‌ಬ್ಯಾಕ್ ಎಂಬ ಇನ್ನೊಂದು ಲಾಗ್ ಲೈಬ್ರರಿಗೆ. ಲಾಗ್‌ಫೋರ್‌ಜೆ ಶುರು ಮಾಡಿದ ಜೆಕಿ ಗುಲ್ಜು ಅವರದ್ದೇ ಇದೂ. ಲಾಗ್‌ನ ಸೆಟ್ಟಿಂಗ್ ಇರುವ ಹಳೆಯ ಪ್ರಾಪರ್ಟೀಸ್ ಫೈಲನ್ನು ಲಾಗ್‌ಬ್ಯಾಕ್ ಓದುವ ಎಕ್ಸ್‌ಎಂಎಲ್ ಮಾಡಿಕೊಡುವ ಅನುವಾದಕವನ್ನೂ ಲಾಗ್‌ಬ್ಯಾಕ್‌ನವರೇ ತಮ್ಮ ವೆಬ್‌ಸೈಟ್‌ನಲ್ಲಿ ಇಟ್ಟಿದ್ದಾರೆ. ನಮ್ಮ ಫೈಲನ್ನು ಅಂಟಿಸಿದೆ, ಗುಂಡಿ ಒತ್ತಿದೆ. ಅಂಟಿಸುವ ಮೊದಲು ಮೇಲ್ ಕಳಿಸುವ ಭಾಗದ ಪಾಸ್‌ವರ್ಡ್ ತೆಗೆದಿದ್ದೆ, ನೀವೂ ತೆಗೆಯಿರಿ.

ಬಂದದ್ದನ್ನು ಸಾಲು ಸಾಲಾಗಿ ಹೋಲಿಸಿದೆ. ಎಸ್‌ಎಂಎಸ್ ಲಾಗರ್‌ಗೆ ಹಾಕಿದ್ದ 'ಅಡಿಟಿವಿಟಿ ಫಾಲ್ಸ್' (ಇದರ ಸಾಲನ್ನು ಮೇಲಿನ ಲಾಗರ್‌ಗೂ ಕಳಿಸಬೇಡ ಎಂಬ ಸೂಚನೆ) ಹಾಗೇ ಇತ್ತು. ಕೈಯಲ್ಲಿ ಬರೆಯುವಾಗ ನಾನು ಮರೆಯುವುದು ಅದನ್ನೇ. ಅದು ತಪ್ಪಿದರೆ ಒಂದೊಂದು ಸಾಲೂ ಎರಡೆರಡು ಸಲ ಬೀಳುತ್ತದೆ. ತಾರೀಕು, ಲೆವೆಲ್, ಥ್ರೆಡ್ ಬರೆಸುವ ಅಕ್ಷರಗಳು ಎರಡರಲ್ಲೂ ಒಂದೇ, ಹಾಗಾಗಿ ಲಾಗ್ ಓದುವ ನಮ್ಮ ಸ್ಕ್ರಿಪ್ಟ್ ಮುಟ್ಟಬೇಕಾಗಲಿಲ್ಲ.

ಒಂದು ವಿಷಯ ಮಾತ್ರ ನೀವೇ ನೋಡಬೇಕು. ಅಪೆಂಡರ್ ಅಂದರೆ ಲಾಗ್ ಸಾಲನ್ನು ಫೈಲಿಗೋ ಮೇಲ್‌ಗೋ ಕಳಿಸುವ ಭಾಗ. ಹಳೆಯ ಡೈಲಿ ರೋಲಿಂಗ್ ಅಪೆಂಡರ್ ದಿನಕ್ಕೊಂದು ಫೈಲ್ ಮಾಡುತ್ತದೆ, ಆದರೆ ಹಳೆಯದನ್ನು ಅಳಿಸುವುದೇ ಇಲ್ಲ. ಪ್ಲಾಂಟಿನ ಕಂಪ್ಯೂಟರ್‌ನಲ್ಲಿ ವರ್ಷಗಟ್ಟಲೆಯ ಫೈಲ್ ರಾಶಿ ಬಿದ್ದಿತ್ತು. ಇಲ್ಲದ್ದನ್ನು ಅನುವಾದಕ ಸೇರಿಸುವುದಾದರೂ ಹೇಗೆ? 'ಮ್ಯಾಕ್ಸ್‌ಹಿಸ್ಟರಿ 30' ಅಂತ ನಾನೇ ಬರೆದೆ. ಈಗ ಮೂವತ್ತು ದಿನ ದಾಟಿದ್ದನ್ನು ಲಾಗ್‌ಬ್ಯಾಕ್ ತಾನೇ ತೆಗೆಯುತ್ತದೆ.

ನಾವೇ ಬರೆದುಕೊಂಡ ಒಂದು ಅಪೆಂಡರ್ ಕೂಡ ಇತ್ತು. ಅದು ಕಾನ್ಫಿಗರೇಶನ್ ಅಲ್ಲ, ಕೋಡ್. ಹೊಸದಾಗಿ ಬರೆಯಲು ಒಂದು ಸಂಜೆ ಹೋಯಿತು. ಉಳಿದ ಕೋಡಿಗೆ, ಹಳೆಯ ಲಾಗ್‌ಫೋರ್‌ಜೆ ಕರೆಗಳನ್ನು ಲಾಗ್‌ಬ್ಯಾಕ್‌ಗೆ ದಾಟಿಸುವ ಲಾಗ್‌ಫೋರ್‌ಜೆ-ಓವರ್-ಎಸ್‌ಎಲ್‌ಎಫ್‌ಫೋರ್‌ಜೆ ಜಾರ್ (ಜಾವಾ ಲೈಬ್ರರಿ ಫೈಲ್) ಹಾಕಿ ಹಳೆಯ ಜಾರ್ ತೆಗೆದೆ, ಅಷ್ಟೇ.

ಜುಲೈ ಕೊನೆಗೆ ಬೋಟಿನವರು ಐಸ್ ತುಂಬಲು ಬಂದರು. ಸೂಪರ್‌ವೈಸರ್ ಫೋನ್ ಮಾಡಿ, "ಬಿಲ್ ಸರಿ ಬರ್ತಾ ಉಂಟು ಮಾರಾಯ್ರೆ" ಅಂದರು. ನಾನು ಲಾಗ್ ತೆರೆದು ನೋಡಿದೆ. ಮೊದಲ ಬಿಲ್ಲಿನ ಸಾಲು, ಒಂದೇ ಸಲ.