ಹೆಸರಿಲ್ಲದ ಇಟಾಲಿಯನ್ ಫ್ರೇಮ್: ಹನ್ನೊಂದು ವರ್ಷ, 24 ಸಾವಿರ ಕಿಲೋಮೀಟರ್

ಮೊದಲೇ ಹೇಳಿಬಿಡುತ್ತೇನೆ. ಇದು ಯಾರು ಕಟ್ಟಿದ ಸೈಕಲ್ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಿದ್ದೂ ವಿಮರ್ಶೆ ಬರೀತಿದ್ದೀನಿ, ಯಾಕಂದ್ರೆ ಹನ್ನೊಂದು ವರ್ಷದಲ್ಲಿ ನಾನು ಇದರ ಮೇಲೆ ಕೂತಷ್ಟು ಹೊತ್ತು ಮನೆಯ ಸೋಫಾ ಮೇಲೂ ಕೂತಿಲ್ಲ.

2014ರ ಅಕ್ಟೋಬರ್‌ನಲ್ಲಿ, ಕೆಲಸಕ್ಕೆ ಅಂತ ಮಿಲಾನ್‌ಗೆ ಬಂದ ಎರಡನೇ ವರ್ಷ, ಒಂದು ಹಳೇ ಸಾಮಾನಿನ ಸಂತೆಯಲ್ಲಿ 380 ಯೂರೋ ಕೊಟ್ಟು ತಗೊಂಡೆ. ಆಗ ಫ್ರೇಮಿನ ಮೇಲೆ ದೊಡ್ಡ ಹೆಸರಿನ ಸ್ಟಿಕ್ಕರ್ ಇತ್ತು. ಮಾರುವವನು ಅದನ್ನೇ ತೋರಿಸಿ ತೋರಿಸಿ ರೇಟು ಏರಿಸಿದ. ಮನೆಗೆ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ಟಿಕ್ಕರಿನ ಅಂಚು ಸುರುಳಿ ಸುತ್ತಿಕೊಂಡು ಎದ್ದು ಬಂತು. ಆ ಕಂಪನಿಯವರು ಫ್ರೇಮಿನ ಮೇಲೆ ಕೊರೆಯುತ್ತಿದ್ದ ಗುರುತೂ ಎಲ್ಲೂ ಇಲ್ಲ. ಸರಿಯಾಗಿ ಟೋಪಿ ಹಾಕಿಸಿಕೊಂಡಿದ್ದೆ.

ಎರಡು ದಿನ ಬೇಜಾರಲ್ಲಿ ಬಾಲ್ಕನಿಯಲ್ಲಿ ಹಾಗೇ ಬಿಟ್ಟಿದ್ದೆ. ಮೂರನೇ ದಿನ ಫೋರ್ಕ್ ಬಿಚ್ಚಿ ನೋಡಿದೆ. ಫೋರ್ಕಿನ ಮೇಲಿನ ದಂಡದ ಮೇಲೆ ಪುಟ್ಟದೊಂದು ಪಾರಿವಾಳದ ಮುದ್ರೆ. ದಂಡದ ಒಳಗೆ ಟಾರ್ಚ್ ಬಿಟ್ಟರೆ ಕೆಳಭಾಗದಲ್ಲಿ ಐದು ಏಣುಗಳು, ಸ್ಕ್ರೂ ತರಹ ತಿರುಚಿಕೊಂಡು ಹೋಗಿವೆ. ಸೀಟಿನ ಪೋಸ್ಟ್ ಅಳೆದೆ, 27.2 ಮಿ.ಮೀ. ಹಿಂಚಕ್ರ ಕೂರುವ ಕೊಕ್ಕೆಯ ಮೇಲೆ ಕಾಂಪಾಗ್ನೋಲೊ ಅಂತ ಅಚ್ಚು, ಇಟಲಿಯ ಸೈಕಲ್ ಬಿಡಿಭಾಗದ ಕಂಪನಿ. ಹಿಂದಿನ ಗೇರ್ ಬದಲಿಸುವ ಭಾಗದ ಮೇಲೆ 'ಪೇಟೆಂಟ್ 82' ಅಂತಿದೆ. ಇಷ್ಟು ಸಿಕ್ಕಿದ ಮೇಲೆ ಇದು 1982ರ ಆಸುಪಾಸಿನ, ಕೊಲಂಬಸ್ ಎಸ್‌ಎಲ್ ಪೈಪಿನ ಫ್ರೇಮ್ ಅಂತ ಧೈರ್ಯವಾಗಿ ಹೇಳಬಹುದು. ಸ್ಟಿಕ್ಕರ್ ಸುಳ್ಳು, ಕಬ್ಬಿಣ ಸುಳ್ಳಲ್ಲ.

ಕೊಲಂಬಸ್ ಅಂದರೆ ಸೈಕಲ್ ಕಂಪನಿ ಅಲ್ಲ, ಪೈಪಿನ ಕಂಪನಿ, ಆ ಪಾರಿವಾಳ ಅವರದೇ ಗುರುತು. 1919ರಲ್ಲಿ ಆಂಜೆಲೊ ಲುಯಿಜಿ ಕೊಲಂಬೊ ಮಿಲಾನ್‌ನಲ್ಲಿ ಶುರು ಮಾಡಿದ್ದು. ಅವರ ಎಸ್‌ಎಲ್ ಪೈಪಿನ ಗೋಡೆ ಎರಡು ತುದಿಯಲ್ಲಿ 0.9 ಮಿ.ಮೀ. ದಪ್ಪ, ನಡುವೆ ಬರೀ 0.6. ನಿಮ್ಮ ಜೇಬಲ್ಲಿರುವ ಎಟಿಎಂ ಕಾರ್ಡ್ ಇದಕ್ಕಿಂತ ದಪ್ಪ. ಬೆಸುಗೆಯ ಬೆಂಕಿ ತಾಗುವುದು ತುದಿಗೆ, ಹಾಗಾಗಿ ಅಲ್ಲಿ ದಪ್ಪ. ನಡುವೆ ತೂಕ ಉಳಿಸಿದ್ದಾರೆ. ಬೆರಳಿನ ಗಂಟಿನಿಂದ ಪೈಪಿನ ಉದ್ದಕ್ಕೂ ತಟ್ಟುತ್ತಾ ಹೋದರೆ ಸದ್ದು ಬದಲಾಗುತ್ತೆ.

ಹಾಗಾದರೆ ಇಷ್ಟು ಒಳ್ಳೆ ಸಾಮಾನಿನ ಫ್ರೇಮಿಗೆ ಹೆಸರು ಯಾಕಿಲ್ಲ? ನಮ್ಮಪ್ಪ ಪೀಣ್ಯದಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಅಲ್ಲಿ ಸಣ್ಣ ಶೆಡ್‌ನಲ್ಲಿ ತಯಾರಾದ ಭಾಗ ದೊಡ್ಡ ಕಂಪನಿಯ ಡಬ್ಬದಲ್ಲಿ ಹೋಗುತ್ತೆ, ಜಾಬ್ ವರ್ಕ್ ಅಂತಾರಲ್ಲ, ಅದೇ. ಇಟಲಿಯ ಸೈಕಲ್ ಲೋಕವೂ ಬಹಳಷ್ಟು ಹೀಗೇ ನಡೆದದ್ದು. ಇವರು ಅದಕ್ಕೆ 'ಕೊಂತೊ ತೆರ್ತ್ಸಿ' ಅಂತಾರೆ. ಫ್ರೇಮ್ ಕಟ್ಟುವವನು 'ತೆಲಾಯಿಸ್ತಾ'. ಒಂದು ಅಂಗಳ, ಪೈಪು ಹಿಡಿದಿಡುವ ಒಂದು ಜಿಗ್, ಗ್ಯಾಸ್ ಸಿಲಿಂಡರ್, ಅರಗಳು, ಒಬ್ಬಿಬ್ಬರು ಹುಡುಗರು. ಅವನು ಕಟ್ಟಿದ್ದು ಬಣ್ಣದ ಅಂಗಡಿಗೆ ಹೋಗಿ ಬೇರೆಯವರ ಹೆಸರು ಹೊತ್ತು ಬರುತ್ತಿತ್ತು. ದಾರಿಯೊ ಪೆಗೊರೆಟ್ಟಿ ಅನ್ನೋ ತೆಲಾಯಿಸ್ತಾ ಆಮೇಲೆ ತನ್ನದೇ ಹೆಸರಲ್ಲಿ, ಕ್ಯಾನ್ವಾಸಿನ ಹಾಗೆ ಬಣ್ಣ ಬಳಿದ ಫ್ರೇಮುಗಳಿಂದ ಜಗತ್ತಿಗೇ ಗೊತ್ತಾದ. 2018ರಲ್ಲಿ ತೀರಿಕೊಂಡ. ಆದರೆ ಅವನೂ ವೆರೋನಾದಲ್ಲಿ ಮಾವ ಲುಯಿಜಿನೊ ಮಿಲಾನಿ ಹತ್ತಿರ ಕೆಲಸ ಕಲಿತು, ಎಷ್ಟೋ ವರ್ಷ ಬೇರೆಯವರ ಸ್ಟಿಕ್ಕರ್ ಕೆಳಗೇ ದುಡಿದವನು.

2017ರಲ್ಲಿ ಅಪ್ಪ ಅಮ್ಮ ಮಿಲಾನ್‌ಗೆ ಬಂದಿದ್ದರು. ಅಪ್ಪನಿಗೆ ದುವೋಮೊ ಚರ್ಚಿಗಿಂತ ಈ ಸೈಕಲ್ಲೇ ಹಿಡಿಸಿತು. ಪೈಪುಗಳು ಸೇರುವ ಜಾಗದಲ್ಲಿ ತೋಳಿನ ತರಹ ಒಂದು ಭಾಗ ಇರುತ್ತಲ್ಲ, ಲಗ್, ಅದರ ಅಂಚಿನ ಮೇಲೆ ಹೆಬ್ಬೆರಳು ಇಟ್ಟು ನಿಧಾನಕ್ಕೆ ಸವರಿದರು. ಕನ್ನಡಕ ತೆಗೆದು, ಕಣ್ಣಿಗೆ ಒಂದು ಗೇಣು ದೂರದಲ್ಲಿ ಹಿಡಿದು ನೋಡಿದರು.

"ಇದು ಅರದ ಕೆಲಸ ಕಣೋ. ಮೆಷಿನ್‌ದಲ್ಲ."

"ಹೇಗೆ ಗೊತ್ತಾಗುತ್ತಪ್ಪಾ?"

"ಎಡಗಡೆ ಮೂತಿ ಬಲಗಡೆಗಿಂತ ಕೂದಲೆಳೆ ಗಿಡ್ಡ ಇದೆ ನೋಡು. ಮನುಷ್ಯ ಬಲಗೈಯವನು."

ನಾನು ಮೂರು ವರ್ಷ ನೋಡಿದರೂ ಕಾಣದ್ದು ಅವರಿಗೆ ಮೂರು ನಿಮಿಷದಲ್ಲಿ ಕಂಡಿತು. ಐಟಿಐಯಲ್ಲಿ ಮೊದಮೊದಲು ತಿಂಗಳುಗಟ್ಟಲೆ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಮಟ್ಟ ಮಾಡಿಸುತ್ತಾರಂತೆ. ಅಲ್ಲಿ ಪಳಗಿದ ಕಣ್ಣು ಹೋಗಲ್ಲ.

ಲಗ್ಗಿನ ಬೆಸುಗೆ ಬಗ್ಗೆ ಒಂದು ಮಾತು. ಇದು ವೆಲ್ಡಿಂಗ್ ಅಲ್ಲ. ಪೈಪನ್ನು ಕರಗಿಸುವುದೇ ಇಲ್ಲ. ಲಗ್ಗನ್ನು ಕೆಂಪಗೆ ಕಾಯಿಸಿ, ಹತ್ತಿರ ಹತ್ತಿರ 900 ಡಿಗ್ರಿಗೆ, ಹಿತ್ತಾಳೆ ಕಡ್ಡಿ ಮುಟ್ಟಿಸುತ್ತಾರೆ. ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಪೈಪಿಗೂ ಲಗ್ಗಿಗೂ ನಡುವಿನ ಸಂದು ಹಿತ್ತಾಳೆಯನ್ನು ಒಳಗೆ ಎಳೆದುಕೊಳ್ಳುತ್ತೆ. ಬೆಳ್ಳಿ ಬೆಸುಗೆಯಾದರೆ ಇನ್ನೂ ಕಡಿಮೆ ಶಾಖ ಸಾಕು, ಆದರೆ ಸಂದು ಇನ್ನೂ ಬಿಗಿ ಇರಬೇಕು. ಕಾವು ಕಡಿಮೆಯಾದರೆ ಹಿತ್ತಾಳೆ ಪೂರ್ತಿ ಒಳಗೆ ಹೋಗಲ್ಲ, ಜಾಸ್ತಿಯಾದರೆ ಪೈಪೇ ಸೊರಗುತ್ತೆ. ಉರಿಯ ಬಣ್ಣ ನೋಡಿ ಅಂದಾಜು ಮಾಡುವ ಕೆಲಸ, ಹೋಳಿಗೆ ಹೂರಣದ ಹದ ಇದ್ದ ಹಾಗೆ.

ಇನ್ನು ಓಡಿಸುವ ವಿಷಯ. ವಾರದ ದಿನ ಆಫೀಸಿಗೆ 9 ಕಿ.ಮೀ. ಭಾನುವಾರ ಮಾರ್ತೆಸಾನಾ ಕಾಲುವೆ ದಂಡೆ ಹಿಡಿದು ಪೂರ್ವಕ್ಕೆ. ಗೊರ್ಗೊಂಜೋಲಾ ಊರಿನಿಂದ ಸ್ವಲ್ಪ ಉತ್ತರಕ್ಕೆ ತಿರುಗಿದರೆ ಕಾಂಬಿಯಾಗೊ. ಎರ್ನೆಸ್ತೊ ಕೊಲ್ನಾಗೊ 1954ರಲ್ಲಿ ಸೈಕಲ್ ಕಟ್ಟುವ ಅಂಗಡಿ ಹಾಕಿದ ಊರು. 1972ರಲ್ಲಿ ಬೆಲ್ಜಿಯಂನ ರೇಸ್ ಸವಾರ ಎಡ್ಡಿ ಮೆರ್ಕ್ಸ್ ಮೆಕ್ಸಿಕೊದಲ್ಲಿ ಒಂದು ಗಂಟೆಗೆ 49.431 ಕಿ.ಮೀ. ತುಳಿದದ್ದು ಅವರು ಕಟ್ಟಿಕೊಟ್ಟ ಸೈಕಲ್ ಮೇಲೆ. ಮಿಲಾನ್‌ನ ಉತ್ತರದ ಕುಸಾನೊ ಮಿಲಾನಿನೊದಲ್ಲಿ ಫ್ರೇಮ್ ಕಟ್ಟುತ್ತಿದ್ದ ಉಗೊ ದೆ ರೋಸಾ ಅವರ ಅಂಗಡಿ, ಅವರು 2023ರಲ್ಲಿ ತೀರಿಕೊಂಡರು. ಊರೊಳಗೆ ವಿಗೊರೆಲ್ಲಿ ಸೈಕಲ್ ಮೈದಾನದ ಗ್ಯಾಲರಿ ಕೆಳಗೆ ಫಾಲಿಯೆರೊ ಮಾಸಿ ಶುರು ಮಾಡಿದ ಫ್ರೇಮ್ ವರ್ಕ್‌ಶಾಪ್. ಒಂದು ದಿನದ ಸವಾರಿಯಲ್ಲಿ ಮೂರೂ ಮುಟ್ಟಿ ಬರಬಹುದು. ನಾನು ಎರಡು ಸಲ ಬಂದಿದ್ದೇನೆ. ಯಾವುದೋ ಬಾಗಿಲಲ್ಲಿ ನನ್ನ ಫ್ರೇಮಿನ ಅಪ್ಪ ಸಿಗಬಹುದು ಅನ್ನೋ ಆಸೆ ಇತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಸೈಕಲ್ ಪೂರ್ತಿ ತೂಕ 10 ಕೆ.ಜಿ. ಗೆಳೆಯರ ಕಾರ್ಬನ್ ಸೈಕಲ್ 7. ಏರಿನಲ್ಲಿ ಅವರು ಮುಂದೆ ಹೋಗುತ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಮಿಲಾನ್‌ನ ಕಲ್ಲು ಹಾಸಿದ ಬೀದಿಗಳಲ್ಲಿ ಅವರ ಕೈ ಜೋಮು ಹಿಡಿಯುತ್ತೆ, ನನ್ನದು ಹಿಡಿಯಲ್ಲ. ಇದರಲ್ಲಿ ಅರ್ಧ ಪಾಲು ನಾನು ಹಾಕಿದ 28 ಮಿ.ಮೀ. ಅಗಲದ ಟಯರಿನದು ಅಂತ ಈಗ ಅರ್ಥವಾಗಿದೆ. ಕಬ್ಬಿಣ ಮೆತ್ತಗೆ, ಕಬ್ಬಿಣಕ್ಕೆ ಜೀವ ಇದೆ ಅಂತ ಹಾಡಿ ಹೊಗಳುವವರನ್ನು ಪೂರ್ತಿ ನಂಬಬೇಡಿ. ನಾನು ಮೆಚ್ಚುವುದು ಬೇರೆ. ಇಳಿಜಾರಿನ ತಿರುವಿನಲ್ಲಿ ಇದು ತನ್ನ ಗೆರೆ ಬಿಡಲ್ಲ. ಒಂದು ಸಲ ವಾಲಿಸಿದರೆ ಆಯ್ತು, ಮತ್ತೆ ತಿದ್ದಬೇಕಾಗಿಲ್ಲ.

2019ರಲ್ಲಿ ಟಸ್ಕನಿಯ ಗಾಯೊಲೆಯಲ್ಲಿ ನಡೆಯುವ ಲೆರೋಯಿಕಾಗೆ ಹೋಗಿದ್ದೆ. 1997ರಲ್ಲಿ 92 ಜನರಿಂದ ಶುರುವಾದ ಸವಾರಿ. 1987ಕ್ಕಿಂತ ಹಳೇ ಮಾದರಿಯ ರೇಸ್ ಸೈಕಲ್ಲೇ ಆಗಬೇಕು, ಗೇರ್ ಕಡ್ಡಿ ಕೆಳಪೈಪಿನ ಮೇಲಿರಬೇಕು, ಬ್ರೇಕ್ ವೈರ್ ಹ್ಯಾಂಡಲಿನಿಂದ ಹೊರಗೆ ಕಾಣಬೇಕು. ಬಿಳಿ ಜಲ್ಲಿ ಮಣ್ಣಿನ ರಸ್ತೆ. ನಾನು ಚಿಕ್ಕ ದಾರಿಯನ್ನೇ ಆರಿಸಿಕೊಂಡೆ, ಎರಡು ಪಂಕ್ಚರ್ ಆಯ್ತು. ಊಟಕ್ಕೆ ರಿಬೊಲ್ಲಿತಾ, ಬ್ರೆಡ್ಡು ಕಾಳು ಸೊಪ್ಪು ಹಾಕಿ ಕುದಿಸಿದ್ದು. ನಮ್ಮ ಹುಳಿಗೆ ಹುಣಸೆ ಹಾಕೋದು ಮರೆತ ಹಾಗಿತ್ತು.

ಈಗ ತಾಪತ್ರಯಗಳು. ಎಲ್ಲಕ್ಕಿಂತ ದೊಡ್ಡದು ಪೆಡಲ್ ಅಚ್ಚಿನ ಕಪ್ಪು, ಅಂದರೆ ಬೇರಿಂಗ್ ಗುಂಡುಗಳು ಕೂರುವ ಬಟ್ಟಲು. ಇಂಗ್ಲಿಷ್ ಮಾದರಿಯಲ್ಲಿ ಬಲಗಡೆ ಕಪ್ಪಿಗೆ ಉಲ್ಟಾ ತ್ರೆಡ್ ಇರುತ್ತೆ. ಇಟಾಲಿಯನ್ ಮಾದರಿಯಲ್ಲಿ ಎರಡೂ ಕಡೆ ಒಂದೇ ತ್ರೆಡ್, 36 ಮಿ.ಮೀ. ವ್ಯಾಸ. ಮುಂದಕ್ಕೆ ತುಳಿದಷ್ಟೂ ಒಳಗಿನ ಗುಂಡುಗಳು ಬಲಗಡೆ ಕಪ್ಪನ್ನು ಬಿಚ್ಚುವ ದಿಕ್ಕಿಗೇ ತಳ್ಳುತ್ತವೆ. ಮೊದಲ ಸಲ ಇದು ಕೈಕೊಟ್ಟದ್ದು ಬೆಲ್ಲಾಜಿಯೊದಿಂದ ಗಿಸಾಲ್ಲೊ ಏರು ಹತ್ತುವಾಗ. ಟಕ್, ಟಕ್ ಅಂತ ಸದ್ದು. ಮೇಲೆ ಸೈಕಲ್ ಸವಾರರ ಮಾತೆಯ ಪುಟ್ಟ ಗುಡಿ ಇದೆ. ಗೋಡೆ ತುಂಬ ಕೊಪ್ಪಿ, ಬಾರ್ತಾಲಿ, ಮೆರ್ಕ್ಸ್ ತುಳಿದ ಸೈಕಲ್‌ಗಳು. 1995ರ ಟೂರ್ ದ ಫ್ರಾನ್ಸ್‌ನಲ್ಲಿ ಬಿದ್ದು ಪ್ರಾಣ ಬಿಟ್ಟ ಫಾಬಿಯೊ ಕಾಸಾರ್ತೆಲ್ಲಿಯ ಮುರಿದ ಸೈಕಲ್ಲೂ ಅಲ್ಲೇ. ಅದರ ಮುಂದೆ ನಿಂತ ಮೇಲೆ ನನ್ನ ಟಕ್ ಟಕ್ ಬಗ್ಗೆ ಗೊಣಗೋಕೆ ಬಾಯಿ ಬರಲಿಲ್ಲ. ಇಳಿಯುವಾಗ ಪೆಡಲ್ ತುಳಿಯದೇ ಬಂದೆ. ಕಪ್ಪು ಇನ್ನೂ ಎರಡು ಸಲ ಸಡಿಲಾಯ್ತು. ಕೊನೆಗೆ ತ್ರೆಡ್ಡಿಗೆ ಅಂಟು ಹಚ್ಚಿ, ಪಾನಾಕ್ಕೆ ಒಂದು ಮೀಟರ್ ಪೈಪು ಸಿಕ್ಕಿಸಿ ಬಿಗಿದ ಮೇಲೆ ಆರು ವರ್ಷದಿಂದ ಸುಮ್ಮನಿದೆ.

ಹಳೇ ಬ್ರೇಕು ಮಳೆಯಲ್ಲಿ ಬರೀ ಸಲಹೆ ಕೊಡುತ್ತೆ, ನಿಲ್ಲಿಸಲ್ಲ. ಕ್ರೋಮ್ ಹಾಕಿದ ಫೋರ್ಕಿನ ತುದಿಯಲ್ಲಿ ತುಕ್ಕು ಚುಕ್ಕಿ ಚುಕ್ಕಿಯಾಗಿ ಬರುತ್ತೆ. ವರ್ಷಕ್ಕೊಮ್ಮೆ ಸೀಟ್ ಪೋಸ್ಟ್ ತೆಗೆದು ಗ್ರೀಸ್ ಹಚ್ಚದಿದ್ದರೆ ಅದು ಫ್ರೇಮಿನೊಳಗೇ ಕಚ್ಚಿಕೊಳ್ಳುತ್ತೆ, ಆಮೇಲೆ ಗರಗಸವೇ ಗತಿ. ಮಂಗಳೂರಿನ ಗೆಳೆಯನೊಬ್ಬ ತನಗೂ ಒಂದು ತಂದುಕೊಡು ಅಂತ ಕೇಳುತ್ತಿರುತ್ತಾನೆ. ಆ ಉಪ್ಪುಗಾಳಿಗೆ ಪೈಪಿನ ಒಳಗೆ ಮೇಣದ ಎಣ್ಣೆ ಹೊಡೆಯದೆ ತರಬೇಡ ಮಾರಾಯ ಅಂತ ಹೇಳಿದ್ದೇನೆ.

2018ರ ನವೆಂಬರ್‌ನಲ್ಲಿ ಟ್ರಾಮ್ ಹಳಿಯೊಳಗೆ ಚಕ್ರ ಸಿಕ್ಕಿಕೊಂಡು ಬಲಕ್ಕೆ ಬಿದ್ದೆ. ಮೊಣಕೈಗೆ ನಾಲ್ಕು ಹೊಲಿಗೆ. ಹಿಂದಿನ ಗೇರ್ ತೂಗುವ ಕೊಕ್ಕೆ ಒಳಕ್ಕೆ ಬಾಗಿತ್ತು. ನಿವೃತ್ತನಾದ ಒಬ್ಬ ತೆಲಾಯಿಸ್ತಾ ಅಜ್ಜ ಮನೆಯ ಹಿಂದಿನ ಶೆಡ್‌ನಲ್ಲಿ ಇಂಥ ಚಿಲ್ಲರೆ ಕೆಲಸ ಮಾಡಿಕೊಡುತ್ತಾರೆ ಅಂತ ಕೇಳಿ ಹೋದೆ. ಅವರು ಮೊದಲು ಒಂದು ದಾರ ತಗೊಂಡರು. ಹಿಂದಿನ ಒಂದು ಕೊಕ್ಕೆಗೆ ಕಟ್ಟಿ, ಹ್ಯಾಂಡಲ್ ಪೈಪನ್ನು ಸುತ್ತಿಸಿ, ಇನ್ನೊಂದು ಕೊಕ್ಕೆಗೆ ಎಳೆದು ಕಟ್ಟಿದರು. ಸೀಟಿನ ಪೈಪಿಗೂ ದಾರಕ್ಕೂ ಎಡಗಡೆ ಎಷ್ಟು, ಬಲಗಡೆ ಎಷ್ಟು ಅಂತ ಸ್ಕೇಲ್ ಹಿಡಿದರು. ಎರಡೂ ಒಂದೇ. ಬಾಗಿದ್ದು ಕೊಕ್ಕೆ ಮಾತ್ರ, ಫ್ರೇಮ್ ಅಲ್ಲ. ಉದ್ದ ಹಿಡಿಯ ಒಂದು ಉಪಕರಣ ಸಿಕ್ಕಿಸಿ ಕೊಕ್ಕೆಯನ್ನು ಹಂತ ಹಂತವಾಗಿ ಹೊರಕ್ಕೆ ತಂದರು. ಹಿಂಚಕ್ರದ ಜಾಗ 126 ಮಿ.ಮೀ. ಇದ್ದದ್ದನ್ನು ಈಗಿನ ಚಕ್ರಕ್ಕೆ ಹೊಂದುವ ಹಾಗೆ 130ಕ್ಕೆ ಹಿಗ್ಗಿಸಿದ್ದೂ ಕೈಯಲ್ಲೇ, ಕಾಯಿಸದೆ. ಒಟ್ಟು 40 ನಿಮಿಷ, 30 ಯೂರೋ.

ಯಾರು ಕಟ್ಟಿರಬಹುದು ಅಂತ ಕೇಳಿದೆ. ಅಜ್ಜ ಫ್ರೇಮನ್ನು ತಲೆಕೆಳಗೆ ಮಾಡಿ, ಪೆಡಲ್ ಅಚ್ಚಿನ ಗೂಡಿನೊಳಗೆ ಬೆರಳು ಹಾಕಿ, ಒಳಗಿನ ಪೈಪಿನ ಅಂಚು ಸವರಿದರು. "ಫಾತ್ತೊ ಬೆನೆ" ಅಂದರು. ಚೆನ್ನಾಗಿ ಮಾಡಿದ್ದಾನೆ. ಅಷ್ಟೇ.

ಕೊಳ್ಳುವವರಿಗೆ ನನ್ನ ಮಾತು: ಸ್ಟಿಕ್ಕರಿಗೆ ದುಡ್ಡು ಕೊಡಬೇಡಿ. ದಾರ, ಟಾರ್ಚ್, ಸ್ಕೇಲ್ ತಗೊಂಡು ಹೋಗಿ. ಸೀಟ್ ಪೋಸ್ಟ್ ಅಲುಗದಿದ್ದರೆ ಎದ್ದು ಬನ್ನಿ. ದಿನಾ ಮಳೆಯಲ್ಲಿ ಓಡಿಸುವವರು, ಗ್ರೀಸ್ ಮುಟ್ಟಲು ಅಸಹ್ಯಪಡುವವರು ಹೊಸದನ್ನೇ ತಗೊಳ್ಳಿ, ನೆಮ್ಮದಿ. ಹನ್ನೊಂದು ವರ್ಷದಲ್ಲಿ ಚಕ್ರ, ಚೈನ್, ಬ್ರೇಕು, ಬೇರಿಂಗ್ ಅಂತ 900 ಯೂರೋಗೂ ಜಾಸ್ತಿ ಖರ್ಚು ಮಾಡಿದ್ದೇನೆ. ಫ್ರೇಮಿಗೆ ಖರ್ಚಾದದ್ದು ಅಜ್ಜನ ಆ 30 ಮತ್ತು ಈ ವರ್ಷದ ಬಣ್ಣ.

ಬಣ್ಣ ಹಾಕಲು ಕೊಟ್ಟ ಮೇಲೆ ಅಂಗಡಿಯವನು ಫೋನ್ ಮಾಡಿದ. ನೀಲಿ ಒಣಗಿದೆ, ಮೇಲೆ ಲ್ಯಾಕರ್ ಹೊಡೆಯುವ ಮೊದಲು ಯಾವ ಕಂಪನಿಯ ಸ್ಟಿಕ್ಕರ್ ಹಾಕಲಿ, ಎಲ್ಲರದ್ದೂ ಇದೆ ಅಂದ. ಯಾವುದೂ ಬೇಡ ಅಂದೆ. ಒಂದು ಕ್ಷಣ ಸುಮ್ಮನಾಗಿ, ಹಾಗಾದರೆ 40 ಯೂರೋ ಕಡಿಮೆಯಾಗುತ್ತೆ ಅಂದ. ಅದರಲ್ಲಿ ಹೊಸ ಬ್ರೇಕ್ ಪ್ಯಾಡ್ ತಗೊಂಡೆ.